ತುದಿಗೆ ಗಂಟಿಲ್ಲದ ಹಗ್ಗ

"ಕಷ್ಟ ಬಂದಾಗ ಹೇಗಿರಬೇಕೆಂದು ತಾವು ಹೇಳಿಕೊಟ್ಟಿದ್ದೀರಿ. ಎಲ್ಲವೂ ಅನುಕೂಲವಾಗಿ ನಡೆಯುತ್ತಿರುವಾಗ ಹೇಗಿರಬೇಕು?"

ಏಕಾಂತಯ್ಯ ಈ ಪ್ರಶ್ನೆ ಕೇಳಿದ್ದು ಗುರುಗಳ ಮಠದ ಜಗಲಿಯಲ್ಲಿ ಕುಳಿತು. ಹದಿನಾಲ್ಕು ವರ್ಷ ಅದೇ ಜಗಲಿಯಲ್ಲಿ ಕುಳಿತು ಓದಿದವನು ಅವನು. ಎರಡು ವರ್ಷದ ಹಿಂದೆ ಗುರುಗಳ ಅಪ್ಪಣೆ ಪಡೆದು ಹೊರಟು, ಘಟ್ಟದ ಮೇಲಿನ ಊರೊಂದರಲ್ಲಿ ತನ್ನದೇ ಪಾಠಶಾಲೆ ತೆರೆದಿದ್ದ. ಮೊದಲು ಐದು ಜನ ಸೇರಿದರು. ಈಗ ಅರವತ್ತು ಜನ ಇದ್ದಾರೆ. ಊರಿನವರು ಕೇಳದೆಯೇ ಅಕ್ಕಿ ತಂದು ಸುರಿಯುತ್ತಾರೆ, ಹೊಸ ಚಾವಡಿಗೆ ಹೆಂಚು ಹೊದಿಸಿಕೊಟ್ಟಿದ್ದಾರೆ. ಇಷ್ಟೆಲ್ಲ ಆದಮೇಲೆ ಅವನ ನೆಮ್ಮದಿ ಹೋಯಿತು. ಮೊನ್ನೆ ಚೆನ್ನಾಗಿ ಓದುತ್ತಿದ್ದ ಇಬ್ಬರು, ಮನೆಗೆ ಹೋಗಿ ಬರುತ್ತೇವೆ ಎಂದು ಹೋದವರು, ತಿರುಗಿ ಬರಲಿಲ್ಲ. ಇವತ್ತು ಇಬ್ಬರು ಹೋದರು, ನಾಳೆ ಇಪ್ಪತ್ತು ಜನ ಹೋದರೆ ಎಂಬ ಯೋಚನೆ ಅವನನ್ನು ಒಳಗೊಳಗೇ ಕೊರೆಯತೊಡಗಿತು.

ಕೊನೆಗೆ ಅವನು ಒಂದು ನಿಯಮ ಬರೆದ. ಪಾಠಶಾಲೆಗೆ ಸೇರಿದವರು ಹನ್ನೆರಡು ವರ್ಷ ತುಂಬುವವರೆಗೆ ಬಿಟ್ಟು ಹೋಗುವುದಿಲ್ಲವೆಂದು ದೇವರ ಮುಂದೆ ಆಣೆ ಇಡಬೇಕು. ಬರುವ ಸೋಮವಾರ ಅರವತ್ತೂ ಜನ ಆಣೆ ಇಡುವುದೆಂದು ನಿಶ್ಚಯವಾಗಿತ್ತು. ಹಾಳೆಯ ಕೆಳಗೆ ಗುರುಗಳ ಒಪ್ಪಿಗೆ ಇದ್ದರೆ ಯಾರೂ ತಕರಾರು ತೆಗೆಯುವುದಿಲ್ಲವೆಂದು ಅವನು ಮೂರು ದಿನ ನಡೆದು ಬಂದಿದ್ದ.

ಗುರುಗಳು ಹಾಳೆಯನ್ನು ಓದಿದರು. ಎರಡನೆಯ ಸಲ ಓದಲಿಲ್ಲ. ಮಡಚಿ ಮೊಣಕಾಲ ಕೆಳಗೆ ಇಟ್ಟುಕೊಂಡು, ಊಟವಾಯಿತೇ ಎಂದು ವಿಚಾರಿಸಿದರು. ಆಗಿದೆ ಎಂದ ಏಕಾಂತಯ್ಯ. ಹಾಗಾದರೆ ತೂಕಡಿಸದೆ ಕೇಳು, ಅನುಕೂಲದ ಗಾಳಿಯಲ್ಲಿ ಮುಳುಗಲು ಹೊರಟಿದ್ದ ಒಬ್ಬ ಅಂಬಿಗನ ಕತೆ ಇದೆ ಎಂದು ಅವರು ಶುರುಮಾಡಿದರು.

ಕಡಲ ತೀರದಲ್ಲಿ ಒಬ್ಬ ಅಂಬಿಗನಿದ್ದ. ಅವನದೊಂದು ಸಣ್ಣ ಹಾಯಿದೋಣಿ. ಇಬ್ಬರು ಕೂತರೆ ಸರಿ, ನಾಲ್ವರು ಕೂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಗಲುತ್ತಿತ್ತು. ಅವನ ಹೆಂಡತಿ ಸೂಲಗಿತ್ತಿ. ತೀರದ ಊರುಗಳಿಗೆ ಮಾತ್ರವಲ್ಲ, ಎದುರಿನ ನಡುಗಡ್ಡೆಯ ಇಪ್ಪತ್ತು ಮನೆಗಳಿಗೂ ಅವಳೇ ದಿಕ್ಕು. ನಡುಗಡ್ಡೆಯಲ್ಲಿ ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಅಲ್ಲಿಯವರು ಗುಡ್ಡದ ನೆತ್ತಿಗೆ ಹೋಗಿ ಹಸಿಸೊಪ್ಪು ಸುಟ್ಟು ಎರಡು ಹೊಗೆ ಎಬ್ಬಿಸುತ್ತಿದ್ದರು. ಒಂದೇ ಹೊಗೆ ಎದ್ದರೆ ಸಾವಾಗಿದೆ ಎಂದು ಅರ್ಥ, ನಿಧಾನವಾಗಿ ಹೋದರೂ ನಡೆಯುತ್ತದೆ. ಎರಡು ಹೊಗೆ ಕಂಡರೆ ಕೈಯಲ್ಲಿದ್ದ ತುತ್ತು ಬಿಟ್ಟು ಏಳಬೇಕು.

ಬೆಳಗಿನ ಹೊತ್ತು ಅಲ್ಲಿ ನೆಲದಿಂದ ಕಡಲ ಕಡೆಗೆ ಮೂಡುಗಾಳಿ ಬೀಸುತ್ತದೆ. ಬಿಸಿಲೇರಿದ ಮೇಲೆ ಅದು ಸತ್ತು, ಪಡುಗಾಳಿ ಎದ್ದು ಮುಖಕ್ಕೇ ಬಡಿಯುತ್ತದೆ. ಮೂಡುಗಾಳಿ ಇರುವಾಗಲೇ ದಾಟಿದರೆ ದಾಟಿದ ಹಾಗೆ. ತಪ್ಪಿದರೆ ಸಂಜೆಯವರೆಗೂ ಹುಟ್ಟು ಹಾಕಬೇಕು. ಒಂದು ಸಲ ಹೀಗೆಯೇ ತಪ್ಪಿತು. ಅರ್ಧ ದಾರಿಯಲ್ಲಿ ಗಾಳಿ ತಿರುಗಿತು, ಗಂಡ ಹೆಂಡತಿ ಅಂಗೈ ಸುಲಿಯುವ ತನಕ ಹುಟ್ಟು ಹಾಕಿದರು. ಅವರು ಮುಟ್ಟುವಷ್ಟರಲ್ಲಿ ಗುಡ್ಡದ ಮೇಲೆ ಎರಡಿದ್ದ ಹೊಗೆ ಒಂದಾಗಿತ್ತು.

ಅಂದಿನಿಂದ ಅಂಬಿಗನಿಗೆ ಒಂದೇ ಹಂಬಲ. ಇರುವ ಹಾಯಿ ಸಾಲದು, ಬೆನ್ನಗಾಳಿಯನ್ನು ಪೂರ್ತಿ ಹಿಡಿಯುವ ಇನ್ನೊಂದು ದೊಡ್ಡ ಹಾಯಿ ಬೇಕು. ಪಕ್ಕದೂರಿನಲ್ಲಿ ಹಾಯಿ ಹೊಲಿಯುವ ಒಬ್ಬ ಮುದುಕನಿದ್ದ. ಅವನನ್ನು ಹೋಗಿ ಕೇಳಿದ. ಅಂಥದ್ದೊಂದು ಹಾಯಿ ಇದೆ, ದೋಣಿಯ ಮೂತಿಯ ಮುಂದೆ ಏರಿಸುವುದು, ಗಾಳಿ ತುಂಬಿದರೆ ಹಬ್ಬದೂಟ ಉಂಡವನ ಹೊಟ್ಟೆಯ ಹಾಗೆ ಉಬ್ಬುತ್ತದೆ, ಅದಕ್ಕೇ ಹೊಟ್ಟೆಹಾಯಿ ಅನ್ನುತ್ತಾರೆ ಎಂದ ಮುದುಕ. ಅದಕ್ಕೆ ದಪ್ಪ ಬಟ್ಟೆ ಆಗದು, ತೆಳ್ಳಗೆ ಹಗುರಾಗಿರಬೇಕು, ಅದೂ ರಾಶಿ ಬಟ್ಟೆ ಬೇಕು. ಅಷ್ಟು ಬಟ್ಟೆ ಎಲ್ಲಿಂದ ತರುವುದೆಂದು ಅಂಬಿಗ ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದ.

ಹೆಂಡತಿ ಒಳಗೆ ಹೋಗಿ ಒಂದು ಪೆಟ್ಟಿಗೆ ಎಳೆದು ತಂದಳು. ಹೆರಿಗೆಯಾದ ಮನೆಯವರು ಸೂಲಗಿತ್ತಿಗೆ ಒಂದು ಸೀರೆ ಕೊಡುವುದು ಆ ಕಡೆಯ ರೂಢಿ. ಇಪ್ಪತ್ತೆರಡು ವರ್ಷದ ಸೀರೆಗಳು ಪೆಟ್ಟಿಗೆಯಲ್ಲಿದ್ದವು, ಬಹಳಷ್ಟು ಮಡಿಕೆ ಬಿಚ್ಚದವು. ಇಷ್ಟೂ ಉಟ್ಟು ಮುಗಿಸಲು ತನಗೆ ಇನ್ನೆರಡು ಜನ್ಮ ಬೇಕು, ಹೊಲಿಯಿರಿ ಎಂದಳು.

ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿಟ್ಟ ಮೇಲೆ ಅಂಬಿಗರಿಗೆ ಕೆಲಸವಿಲ್ಲ. ಇವರಿಬ್ಬರೂ ಒಂದು ಇಡೀ ಮಳೆಗಾಲ ಕೂತು ಹೊಲಿದರು. ಅವನು ಸೂಜಿ ಹಿಡಿದರೆ ಅವಳು ಯಾವ ಸೀರೆ ಯಾರ ಮನೆಯದೆಂದು ಹೇಳುತ್ತಿದ್ದಳು. ಈ ಹಸಿರು, ಕಾಲು ಮುಂದಾಗಿ ಬಂದ ಹುಡುಗನದು. ಈ ಕೆಂಪು, ಅವಳಿಜವಳಿಯದು. ನಡುವಿನ ಈ ಬಿಳಿ, ನಡುಗಡ್ಡೆಯಲ್ಲಿ ತಾನು ಹಿಡಿದ ಮೊದಲ ಮಗುವಿನದು. ಆ ಮಗುವಿಗೂ ಈಗ ಮದುವೆಯಾಗಿದೆ. ಹೀಗೆ ಕೇಳುತ್ತಾ ಹೊಲಿಯುತ್ತಾ ಅಂಬಿಗನಿಗೆ ಅದು ಬರೀ ಹಾಯಿಯಾಗಿ ಉಳಿಯಲಿಲ್ಲ. ಅದರ ಮೇಲೆ ಅವನಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಮೇಲಿನಂಥ ಪ್ರೀತಿ ಬಂತು. ತಪ್ಪು ಬಿತ್ತನೆಯಾದದ್ದು ಅಲ್ಲೇ.

ಮಳೆ ನಿಂತ ಮೇಲೆ ಮುದುಕ ಬಂದು ಹಾಯಿ ನಡೆಸುವ ಬಗೆ ಹೇಳಿಕೊಟ್ಟ. ಒಂದು ಹಗ್ಗ ಹಾಯಿಯ ತಲೆಯನ್ನು ಕಂಬಕ್ಕೇರಿಸಲು. ಕೆಳಗಿನ ಎರಡು ಮೂಲೆಗೆ ಎರಡು ಹಗ್ಗ. ಒಂದು ಮೂಲೆ ಬಿದಿರಿನ ಗಳದ ತುದಿಯಲ್ಲಿ ದೋಣಿಯಿಂದ ಹೊರಗೆ ಚಾಚಿ ನಿಲ್ಲುತ್ತದೆ. ಇನ್ನೊಂದು ಮೂಲೆಯ ಹಗ್ಗ ಹಿಂಬದಿಯ ರಾಟೆಯ ಮೂಲಕ ಹಾದು ಕೈಗೆ ಬರುತ್ತದೆ. ಅದನ್ನು ಗೂಟಕ್ಕೆ ಕಟ್ಟುವಂತಿಲ್ಲ, ಕೈಯಲ್ಲೇ ಹಿಡಿದಿರಬೇಕು. ಹಾಯಿಯ ಅಂಚು ಮಡಚಿಕೊಳ್ಳುವ ತನಕ ಸಡಿಲ ಬಿಡು, ಮಡಚಿತು ಎಂದಾಗ ಒಂದು ಗೇಣು ಎಳೆ, ಮತ್ತೆ ಬಿಡು. ಏರಿಸುವಾಗಲೂ ಇಳಿಸುವಾಗಲೂ ಹಳೆಯ ಹಾಯಿಯ ಮರೆಯಲ್ಲೇ ಮಾಡು, ಅಲ್ಲಿ ಗಾಳಿಯ ಸೊಕ್ಕು ಕಡಿಮೆ. ಇಷ್ಟು ಹೇಳಿ, ಹೊರಡುವ ಮುನ್ನ ಕೊನೆಯ ಮಾತೊಂದು ಹೇಳಿದ. ಕೆಳಗಿನ ಈ ಎರಡು ಹಗ್ಗಗಳ ತುದಿಗೆ ಮಾತ್ರ ಗಂಟು ಹಾಕಬೇಡ.

ಅಂಬಿಗನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಕಡಲಿಗೆ ಹೋಗುವವರಿಗೆ ಹಗ್ಗದ ತುದಿ ಕಂಡರೆ ಬೆರಳು ತಾನಾಗಿ ಗಂಟು ಹಾಕುತ್ತದೆ. ಗಂಟು ಇದ್ದರೆ ಹಗ್ಗ ಕೈ ಜಾರಿದರೂ ರಾಟೆಯಲ್ಲಿ ನಿಲ್ಲುತ್ತದೆ, ನೀರುಪಾಲಾಗುವುದಿಲ್ಲ. ಅವನ ಅಪ್ಪ ಕಲಿಸಿದ ಮೊದಲ ಪಾಠವೇ ಅದು. ಆದರೂ ಮುದುಕನ ಮಾತೆಂದು ಒಪ್ಪಿಕೊಂಡ.

ಹೊಟ್ಟೆಹಾಯಿ ಏರಿಸಿದ ದಿನ ದೋಣಿ ಹಕ್ಕಿಯಾಯಿತು. ಮೊದಲು ಒಂದು ಜಾವ ಹಿಡಿಯುತ್ತಿದ್ದ ದಾರಿ ಅರ್ಧದಲ್ಲಿ ಮುಗಿಯಿತು. ಅವನು ಚುಕ್ಕಾಣಿ ಹಿಡಿದರೆ ಅವಳು ಹಗ್ಗ ಹಿಡಿದು ಅಂಚಿನ ಮೇಲೆ ಕಣ್ಣಿಡುತ್ತಿದ್ದಳು. ಆ ವರ್ಷ ನಡುಗಡ್ಡೆಯಲ್ಲಿ ಆರು ಹೆರಿಗೆಯಾದವು, ಒಂದಕ್ಕೂ ತಡವಾಗಲಿಲ್ಲ. ತೀರದಲ್ಲಿ ಜನ ನಿಂತು ನೋಡುತ್ತಿದ್ದರು. ಅಂಬಿಗನ ನಡಿಗೆಯೇ ಬದಲಾಯಿತು. ಎದೆ ಮುಂದೆ, ಅವನು ಹಿಂದೆ.

ಒಂದು ದಿನ ಅವಳ ಕೈಯಿಂದ ಹಗ್ಗ ಜಾರಿತು. ಸರ್ರನೆ ರಾಟೆ ದಾಟಿ ಹೋಯಿತು. ಹಾಯಿ ಗಾಳಿ ಚೆಲ್ಲಿಕೊಂಡು, ಪಟಪಟ ಬಡಿದು, ಬಿಟ್ಟ ಮೂಲೆ ನೀರಿಗೆ ಇಳಿಯಿತು. ಅಪಾಯವೇನೂ ಆಗಲಿಲ್ಲ. ಆದರೆ ಅದನ್ನು ಮೇಲೆಳೆಯುವಾಗ ಬಿಳಿ ಸೀರೆಯ ಹೊಲಿಗೆ ಒಂದು ಮೊಳ ಬಿಚ್ಚಿತು. ಅಂಬಿಗ ಅದನ್ನು ಸಿಹಿನೀರಿನಲ್ಲಿ ತೊಳೆದು, ಮರಳ ಮೇಲೆ ಹರವಿ, ಒಣಗುವವರೆಗೆ ಪಕ್ಕದಲ್ಲೇ ಕೂತಿದ್ದ. ಕಳೆದುಹೋಗಿದ್ದರೆ ಎಂದು ನೆನೆದಾಗಲೆಲ್ಲ ಬಿಚ್ಚಿದ ಹೊಲಿಗೆಯ ಮೇಲೆ ಕೈಯಾಡಿಸುತ್ತಿದ್ದ. ಅಂದು ಸಂಜೆ ಹೆಂಡತಿ ಒಳಗೆ ಗಂಜಿ ಬಸಿಯುತ್ತಿದ್ದಾಗ ಅವನು ದೋಣಿಗೆ ಹೋಗಿ, ಹಗ್ಗದ ತುದಿಗೆ ಗಟ್ಟಿಯಾದ ಒಂದು ಗಂಟು ಬಿಗಿದ. ಬಿಗಿದು, ಹಗ್ಗ ಸುತ್ತಿ, ಹಲಗೆಯ ಕೆಳಗೆ ತಳ್ಳಿದ. ಹೆಂಡತಿಗೆ ಹೇಳಲಿಲ್ಲ. ಆ ದಿನ ಅವನಿಗೆ ಸುಖವಾದ ನಿದ್ದೆ ಬಂತು.

ಗುರುಗಳು ಇಲ್ಲಿ ನಿಲ್ಲಿಸಿ ನೀರು ಕುಡಿದರು. ಏಕಾಂತಯ್ಯ ಹೊರಗೆ ನೋಡುತ್ತಿದ್ದ. ಅವನಿಗೂ ಆ ನಿಯಮ ಬರೆದು ಮುಗಿಸಿದ ದಿನ ಸುಖವಾದ ನಿದ್ದೆ ಬಂದಿತ್ತು. ಅದನ್ನು ಅವನು ಗುರುಗಳಿಗೆ ಹೇಳಲಿಲ್ಲ. ಅವರೂ ಕೇಳದೆ ಕತೆ ಮುಂದುವರಿಸಿದರು.

ಹದಿನೈದು ದಿನ ಕಳೆದಿರಬಹುದು. ಬೆಳಗ್ಗೆ ಗುಡ್ಡದ ಮೇಲೆ ಎರಡು ಹೊಗೆ ಎದ್ದವು. ಯಾರ ಮನೆಯೆಂದು ಸೂಲಗಿತ್ತಿಗೆ ಗೊತ್ತಿತ್ತು. ಬಿಳಿ ಸೀರೆಯ ಮನೆ. ಅಲ್ಲಿ ತಾನು ಕೈಯಲ್ಲಿ ಹಿಡಿದ ಮೊದಲ ಕೂಸೇ ಈಗ ಚೊಚ್ಚಲ ಹೆರಿಗೆಗೆ ಮಲಗಿದ್ದಾಳೆ. ಕಳೆದ ವಾರ ಹೋದಾಗ ಹೊಟ್ಟೆ ಮುಟ್ಟಿ ನೋಡಿ ಸೂಲಗಿತ್ತಿ ಮುಖ ಸಣ್ಣ ಮಾಡಿಕೊಂಡು ಬಂದಿದ್ದಳು. ಮಗು ಅಡ್ಡ ಮಲಗಿತ್ತು.

ಬಿಸಿಲು ಆಗಲೇ ಏರುತ್ತಿತ್ತು. ಮೂಡುಗಾಳಿ ಇನ್ನೆಷ್ಟು ಹೊತ್ತು ಇರುತ್ತದೋ ಹೇಳುವಂತಿರಲಿಲ್ಲ. ದಡದ ಅಲೆ ದಾಟಿದ ಕೂಡಲೇ ಅಂಬಿಗ ಹೊಟ್ಟೆಹಾಯಿ ಏರಿಸಿದ. ಅವಳು ಹಗ್ಗ ಹಿಡಿದಳು. ದೋಣಿ ನೀರು ಸೀಳಿಕೊಂಡು ಓಡಿತು. ಹೆಂಡತಿಯ ಕಣ್ಣು ಹಾಯಿಯ ಅಂಚಿನ ಮೇಲೆ, ಅಂಬಿಗನ ಕಣ್ಣು ಎರಡು ಹೊಗೆಯ ಮೇಲೆ. ಎರಡೂ ನೆಟ್ಟಗೆ ನಿಂತಿದ್ದವು. ಸಕಾಲಕ್ಕೆ ಮುಟ್ಟುತ್ತೇವೆ ಎಂದು ಅವನ ಜೀವ ಸ್ವಲ್ಪ ತಣ್ಣಗಾಯಿತು.

ಹೊಳೆ ಕಡಲು ಸೇರುವ ಅಳಿವೆಯ ನೇರಕ್ಕೆ ಬಂದಾಗ ಆ ಹೊಳೆಯ ಕಣಿವೆಯಿಂದ ಗಾಳಿ ನುಗ್ಗಿತು. ಅದೂ ಬೆನ್ನಗಾಳಿಯೇ, ವೈರಿಯ ಗಾಳಿಯಲ್ಲ. ಆದರೆ ಬೇಕಾದದ್ದರ ಮೂರರಷ್ಟಿತ್ತು. ಹಾಯಿ ಒಮ್ಮೆಲೇ ಉಬ್ಬಿ ದೋಣಿಯನ್ನು ಪಕ್ಕಕ್ಕೆ ಜಗ್ಗಿತು. ಅವಳು ಕಲಿತ ಹಾಗೆಯೇ ಮಾಡಿದಳು, ಹಗ್ಗವನ್ನು ಪೂರ್ತಿ ಬಿಟ್ಟುಬಿಟ್ಟಳು. ಹಗ್ಗ ಸರ್ರನೆ ಓಡಿತು. ಇನ್ನೇನು ಹಾಯಿ ಗಾಳಿ ಚೆಲ್ಲಬೇಕು, ಅಷ್ಟರಲ್ಲಿ ಟಕ್ಕೆಂದು ನಿಂತಿತು. ತುದಿಯ ಗಂಟು ಬಂದು ರಾಟೆಯ ಬಾಯಿಗೆ ಕಚ್ಚಿಕೊಂಡಿತ್ತು.

ದೋಣಿ ಗಾಳಿಗೆ ಅಡ್ಡವಾಗಿ ತಿರುಗಿ ಮಲಗಿತು. ಒಂದು ಬದಿಯ ಅಂಚು ನೀರೊಳಗೆ ಹೋಯಿತು. ಚುಕ್ಕಾಣಿ ನೀರು ಬಿಟ್ಟು ಮೇಲೆದ್ದಿತು. ಅಂಬಿಗ ಅದನ್ನು ಎಷ್ಟು ತಿರುಗಿಸಿದರೂ ಗಾಳಿಯಲ್ಲಿ ಕೈಯಾಡಿಸಿದ ಹಾಗಾಯಿತು. ನೀರು ಮೊಣಕಾಲಿಗೆ ಬಂತು. ಹೆಂಡತಿ ತಿರುಗಿ ರಾಟೆ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು.

"ಗಂಟು ಹಾಕಿದ್ರಾ?"

"ಕೈ ತಪ್ಪಿ ಹೋಗಿಬಿಟ್ಟರೆ ಅಂತ..."

ಅವಳು ಸೊಂಟದ ಚೀಲಕ್ಕೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಚೂರಿ ತೆಗೆದಳು. ಹೊಕ್ಕುಳಬಳ್ಳಿ ಕೊಯ್ಯುವ ಚೂರಿ ಅದು. ಒಂದು ಕೈಯಲ್ಲಿ ಅಡ್ಡಹಲಗೆ ಹಿಡಿದು, ಇನ್ನೊಂದು ಕೈ ಚಾಚಿ, ರಾಟೆಯ ಮುಂದೆ ಬಿಗಿದು ನಿಂತಿದ್ದ ಹಗ್ಗದ ಮೇಲೆ ಚೂರಿ ಇಟ್ಟಳು. ಅಂಬಿಗನಿಗೆ ಆ ಕ್ಷಣದಲ್ಲೂ ಬೇಡ ಅನ್ನಬೇಕೆನಿಸಿತು. ಕಣ್ಣ ಮುಂದೆ ಇಪ್ಪತ್ತೆರಡು ವರ್ಷದ ಸೀರೆಗಳು ಬಂದವು. ಚೂರಿ ಒಂದು ಸಲ ಎಳೆದದ್ದಕ್ಕೇ ಹಗ್ಗ ತುಂಡಾಯಿತು.

ಹಾಯಿ ಬಾವುಟದ ಹಾಗೆ ಮುಂದಕ್ಕೆ ಹಾರಿ ಬಡಿದಾಡತೊಡಗಿತು. ಅದರ ಹೊಟ್ಟೆಯ ಗಾಳಿಯೆಲ್ಲ ಚೆಲ್ಲಿಹೋಯಿತು. ದೋಣಿ ಒಮ್ಮೆ ಮುಗ್ಗರಿಸಿ, ನೀರು ಸುರಿಸಿಕೊಂಡು, ಎದ್ದು ನಿಂತಿತು. ಚುಕ್ಕಾಣಿ ಮತ್ತೆ ನೀರು ಕಂಡಿತು. ಅಂಬಿಗ ಮೊದಲು ಹೆಂಡತಿಯನ್ನು ನೋಡಿದ. ಅವಳು ಹಲಗೆ ಹಿಡಿದು ಕೂತಿದ್ದಳು, ಕೂದಲಿಂದ ನೀರಿಳಿಯುತ್ತಿತ್ತು. ಆಮೇಲೆ ಹಾಯಿಯನ್ನು ನೋಡಿದ. ಅದು ಎಲ್ಲಿಗೂ ಹೋಗಿರಲಿಲ್ಲ. ತಲೆ ಕಂಬದಲ್ಲಿತ್ತು, ಒಂದು ಮೂಲೆ ಬಿದಿರಿನ ಗಳದಲ್ಲಿತ್ತು. ಬಿಟ್ಟದ್ದು ಒಂದೇ ಮೂಲೆ.

ಅವನಿಗೆ ಅಳು ಬಂತು. ಅತ್ತ. ಅಳುತ್ತಲೇ ದೋಣಿಯನ್ನು ಗಾಳಿಯ ದಾರಿಗೆ ತಿರುಗಿಸಿದ. ಅವಳು ಬಿದಿರಿನ ತುದಿಯ ಮೂಲೆಯನ್ನು ಒಳಗೆಳೆದು, ಹಳೆಯ ಹಾಯಿಯ ಮರೆಗೆ ತಂದು, ಸೀರೆ ಮಡಿಕೆ ಹಾಕುವವಳ ಹಾಗೆ ಕೈಕೈಯಾಗಿ ಒಟ್ಟುಗೂಡಿಸಿದಳು. ಅವನು ಮೇಲಿನ ಹಗ್ಗ ಸಡಿಲಿಸುತ್ತಾ ಹೋದ. ಹೊಟ್ಟೆಹಾಯಿ ಪೂರ್ತಿ ದೋಣಿಯೊಳಗೆ ಬಂತು. ಕಣಿವೆಯ ಗಾಳಿ ದಾಟಿದ ಮೇಲೆ, ಮೂಲೆಯಲ್ಲೇ ಉಳಿದಿದ್ದ ಹಗ್ಗವನ್ನು ರಾಟೆಯಲ್ಲಿ ಪೋಣಿಸಿ ಮತ್ತೆ ಏರಿಸಿದರು. ತುದಿಯನ್ನು ಅವನು ಹಾಗೆಯೇ ಬರಿದಾಗಿ ಬಿಟ್ಟ. ಗುಡ್ಡದ ಮೇಲೆ ಹೊಗೆ ಇನ್ನೂ ಎರಡಿದ್ದವು.

ಮರಳಿಗೆ ದೋಣಿ ತಾಗುವ ಮೊದಲೇ ಅವಳು ಇಳಿದು ನಡೆದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಚೂರಿಯನ್ನು ಅದರೊಳಗೆ ಹಾಕಿ, ಕೈ ತೊಳೆದು, ಒಳಗೆ ಹೋದಳು. ಅಂಬಿಗ ಹೊರಗೆ ತೆಂಗಿನ ಬುಡದಲ್ಲಿ ಕೂತ. ಒಳಗಿನ ನರಳಾಟ ಕೇಳಿದಾಗಲೆಲ್ಲ, ಒಂದು ಗಂಟಿನಿಂದ ಮೂರು ಜೀವ, ಅಲ್ಲ ನಾಲ್ಕು ಜೀವ ಹೋಗುತ್ತಿತ್ತು ಎಂದು ಲೆಕ್ಕ ಹಾಕಿ ತನಗೆ ತಾನೇ ಬೈದುಕೊಂಡ. ಅಡ್ಡ ಮಲಗಿದ ಮಗುವನ್ನು ತಿರುಗಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಪಡುಗಾಳಿ ಎದ್ದು ತೆಂಗಿನ ಗರಿ ಅಲುಗಿದ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಗಟ್ಟಿ ದನಿ. ಬಾಣಂತಿಯೂ ಕ್ಷೇಮ ಎಂದು ಯಾರೋ ಬಂದು ಹೇಳಿದರು. ಅಂಬಿಗ ಎದ್ದು ಹೋಗಿ ಗುಡ್ಡದ ಮೇಲಿನ ಎರಡು ಹೊಗೆಯನ್ನೂ ತಾನೇ ನೀರು ಹಾಕಿ ಆರಿಸಿ ಬಂದ.

ವಾಪಸು ಬರುವಾಗ ಪಡುಗಾಳಿ ಬೆನ್ನಿಗಿತ್ತು. ಅವಸರವಿರಲಿಲ್ಲ. ಹೆಂಡತಿ ಹಗ್ಗದ ಬರಿ ತುದಿಯನ್ನು ಬೆರಳಲ್ಲಿ ಆಡಿಸುತ್ತಾ ಕೂತಿದ್ದಳು. ಬೈಯುತ್ತಾಳೆಂದು ಅಂಬಿಗ ಕಾದ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

"ಕೊಯ್ದರೆ ಹೋಗಿಬಿಡ್ತದೆ ಅಂತ ನಾನು ಹೆದರ್ತಿದ್ದರೆ," ಎಂದಳು, "ಈ ಕಡಲತೀರದಲ್ಲಿ ಒಂದು ಮಗುವೂ ಇರ್ತಿರಲಿಲ್ಲ."

ಅಂಬಿಗ ತಲೆಯಾಡಿಸಿದ. ಸ್ವಲ್ಪ ದೂರ ಹೋದ ಮೇಲೆ ನಕ್ಕ. ಅವಳೂ ನಕ್ಕಳು. ಬೆಳಗಿನಿಂದ ಇಬ್ಬರೂ ಊಟ ಮಾಡಿಲ್ಲವೆಂದು ಆಗ ನೆನಪಾಯಿತು. ಬಾಣಂತಿಯ ಮನೆಯವರು ಕಟ್ಟಿಕೊಟ್ಟಿದ್ದ ಬುತ್ತಿ ಬಿಚ್ಚಿ ಉಂಡರು. ಅವರೇ ಕೊಟ್ಟ ಹೊಸ ಸೀರೆಯೂ ಬುತ್ತಿಯ ಪಕ್ಕದಲ್ಲಿತ್ತು, ಅದೂ ಬಿಳಿಯೇ. ಬಡಿದಾಟದಲ್ಲಿ ಹರಿದಿದ್ದ ಹಾಯಿಯ ಮೂಲೆಗೆ ಅದು ಸರಿಹೋಗುತ್ತದೆಂದು ಅಂಬಿಗ ಅಳೆದು ನೋಡಿದ. ಅವನು ಮುದುಕನಾಗುವ ತನಕ ಆ ಹಾಯಿ ಬಾಳಿತು.

ಕತೆ ಅಲ್ಲಿಗೆ ಮುಗಿಯಿತು. ಏಕಾಂತಯ್ಯ ಗುರುಗಳ ಕಡೆ ತಿರುಗಿ, ಹಾಯಿ ಬಟ್ಟೆಯದು, ಶಿಷ್ಯರು ಮನುಷ್ಯರು, ಬಿಟ್ಟರೆ ನಿಜವಾಗಿಯೂ ಹೋಗುತ್ತಾರೆ ಎಂದ. ಹೋಗುತ್ತಾರೆ, ಕೆಲವರು ಹೋಗುತ್ತಾರೆ ಎಂದು ಗುರುಗಳು ಒಪ್ಪಿಕೊಂಡರು. ಹಾಗಾದರೆ ಉಳಿಯುವವರು ಉಳಿಯುತ್ತಾರೆಂದು ಯಾವ ಧೈರ್ಯದ ಮೇಲೆ ನಂಬುವುದು ಎಂದು ಅವನು ಕೇಳಿದ. ಇಷ್ಟು ದಿನ ಹೊತ್ತು ತಿರುಗಿದ ಹೆದರಿಕೆ ಅದೊಂದು ಪ್ರಶ್ನೆಯಲ್ಲಿತ್ತು.

ಗುರುಗಳು ಮೊಣಕಾಲ ಕೆಳಗಿನ ಹಾಳೆ ತೆಗೆದು, ಒಪ್ಪಿಗೆ ಬರೆಯದೆ, ಮಡಿಕೆ ಸರಿಮಾಡಿ ಅವನ ಕೈಗೆ ಕೊಟ್ಟರು.

"ನೀನು ನನ್ನ ಹತ್ತಿರ ಹದಿನಾಲ್ಕು ವರ್ಷ ಇದ್ದೆಯಲ್ಲ ಏಕಾಂತಯ್ಯ, ನಿನ್ನ ಹಗ್ಗಕ್ಕೆ ನಾನು ಯಾವ ಗಂಟು ಹಾಕಿದ್ದೆ?"